ಚಿಲಕ

ಎರಡನೇ ಗೋಲ್‌ಕೀಪರಿಗೆ ಇರುವುದು ಒಂದೇ ಕೆಲಸ.
ಬೆಂಚಿನ ತುದಿಗೆ ಕೂತು ಬಾಗಿಲು ತೆಗೆ, ಹಾಕು.
ಮುಕ್ಕಾಲು ನಿಮಿಷಕ್ಕೊಮ್ಮೆ
ಏದುಸಿರು ಬಿಡುತ್ತ ಒಳಗೆ ಬಂದು ಬೀಳುತ್ತಾರೆ,
ಹೆಲ್ಮೆಟ್ಟಿನ ಸರಳುಗಳಿಂದ ಹಬೆ.
ಯಾರೂ ನನ್ನ ಮುಖ ನೋಡುವುದಿಲ್ಲ,
ಬಾಗಿಲು ತೆರೆದಿರುತ್ತದೆ ಎಂದಷ್ಟೇ ಗೊತ್ತು ಅವರಿಗೆ.

ನಮ್ಮ ಅಂಗಣದ ಆ ಚಿಲಕಕ್ಕೆ ಒಂದು ಹಟ.
ಎಳೆದರೆ ಬಾರದು, ಗುದ್ದಿದರೆ ಬಾರದು.
ಮೊಣಕಾಲಿನಿಂದ ಹಲಗೆಯನ್ನು ತುಸು ಮೇಲೆತ್ತಿ
ಹೆಬ್ಬೆರಳಲ್ಲಿ ಬಲಕ್ಕೊತ್ತಬೇಕು, ನಿಧಾನ,
ಒದೆಯುವ ಹಸುವಿನ ಕೆಚ್ಚಲಿಗೆ
ಮಾತಾಡಿಸುತ್ತ ಕೈ ಹಾಕುವ ಹಾಗೆ.
ಅಕ್ಟೋಬರಿನಲ್ಲಿ ಇದನ್ನು ತೋರಿಸಿಕೊಟ್ಟವನು
ಐಸ್ ನುಣುಪು ಮಾಡುವ ಗಾಡಿಯ ಆರ್ವಿಲ್ ಪೆಲ್ಕಿ.
"ರಿಪೇರಿ ಮಾಡಿಸಬಹುದಲ್ಲ?" ಅಂದೆ.
"ಬಜೆಟ್ಟಿಗೆ ಬರೆದಿದ್ದೇನೆ," ಅಂದ, "ನೀನು ಹುಟ್ಟಿದ ವರ್ಷ."

ನವೆಂಬರಿನಲ್ಲಿ ಐದು ಸೋಲು.
ಏಳು ಗಂಟೆಯ ಬಸ್ಸು, ಒದ್ದೆ ಗ್ಲೌಸುಗಳ ನಾತ,
ಕಿಟಕಿಯಾಚೆ ಬೀಗ ಬಿದ್ದ ಕಾಗದದ ಗಿರಣಿಗಳು.
ಹಿಂದಿನ ಸೀಟಿನಲ್ಲಿ ಜೋಸೆಟ್ ಥೀಬೋ
ಮುರಿದ ಹಲ್ಲನ್ನು ಹಾಲಿನ ಲೋಟದಲ್ಲಿಟ್ಟುಕೊಂಡು
ಅಂಗರಚನಾಶಾಸ್ತ್ರದ ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದಳು:
ಕಪಾಲ, ದವಡೆ, ಕೊರಳ ಮೂಳೆ ಏಳು.
ಡಿಸೆಂಬರಿನಲ್ಲಿ ಒಂದು ಡ್ರಾ. ಅದನ್ನೇ ಹಬ್ಬ ಮಾಡಿದೆವು,
ಪೆಟ್ರೋಲ್ ಬಂಕಿನ ಡೋನಟ್ಟು ಹಂಚಿಕೊಂಡು.
ಜನವರಿಯಲ್ಲಿ ಮೂರು ಗೆಲುವು. ಯಾಕೆಂದು ಯಾರಿಗೂ ತಿಳಿಯದು.
ಕೋಚ್ ಲಬಾರ್ಜ್ ಮಾತ್ರ ತಿಂಗಳಿಡೀ
ಅದೇ ಕಾಲುಚೀಲ, ಒಗೆಯದೆ.

ಒಂದು ರಾತ್ರಿಗೆ ನೂರಿಪ್ಪತ್ತು ಸಲ ಬಾಗಿಲು. ಎಣಿಸಿದ್ದೇನೆ.
ಫೋನು ಮಾಡಿದರೆ ಅಪ್ಪ, ಹಾಲು ಕರೆಯುತ್ತಲೇ,
"ಇವತ್ತು ಆಡಿದೆಯಾ?" ಎನ್ನುವನು.
"ಬೆಚ್ಚಗಿದ್ದೆ," ಎನ್ನುವೆ.

ಫೆಬ್ರವರಿಯ ಕೊನೆಯ ಶನಿವಾರ. ಗೆದ್ದರೆ ಪ್ಲೇಆಫ್.
ಎರಡು–ಎರಡು. ಮೂರನೇ ಅವಧಿಯಲ್ಲಿ ಬ್ರಿನ್
ಎಡಕ್ಕೆ ಕಾಲು ಚಾಚಿದವಳು ಚಾಚಿದಂತೆಯೇ ಉಳಿದಳು.
ಲಬಾರ್ಜ್ ನನ್ನ ಕಡೆ ತಿರುಗಿದರು,
ಹೆಸರು ನಾಲಿಗೆಗೆ ಬಾರದೆ
"ಮೂವತ್ತೊಂದು" ಎಂದರು.

ನಾನೇ ಚಿಲಕ ತೆಗೆದೆ, ನಾನೇ ಹೊರಬಿದ್ದೆ.

ಹನ್ನೊಂದು ನಿಮಿಷ.
ಹೇಗಿತ್ತೆಂದು ಕೇಳಬೇಡಿ. ಸದ್ದಿಲ್ಲ, ಚಳಿಯಿಲ್ಲ,
ಕರಿ ರಬ್ಬರಿನ ಬಿಲ್ಲೆ ಒಂದೇ,
ಒಮ್ಮೆ ತಟ್ಟೆಯಷ್ಟು, ಒಮ್ಮೆ ಮೆಣಸಿನ ಕಾಳಷ್ಟು.
ಎದೆಗೆ ಒಂದು, ತೊಡೆಗೆ ಎರಡು.
ಕಂಬಕ್ಕೆ ಬಡಿದು ಠಣ್ಣೆಂದದ್ದು
ಈಗಲೂ ಹಲ್ಲಿನ ಬುಡದಲ್ಲಿದೆ.

ಆಮೇಲೆ ಕಂಡೆ, ಅಷ್ಟು ದೂರದಿಂದ:
ಕಾಲೆಳೆಯುತ್ತ ಬೆಂಚಿಗೆ ಬಂದ ಜೋಸೆಟ್
ಬಾಗಿಲ ಮುಂದೆ ನಿಂತೇ ಇದ್ದಾಳೆ.
ಒಳಗೆ ಮೂವರು ಎಳೆಯುತ್ತಿದ್ದಾರೆ, ಗುದ್ದುತ್ತಿದ್ದಾರೆ.
"ಮೊಣಕಾಲು! ಮೊದಲು ಮೊಣಕಾಲು!" ಎಂದು ಕಿರುಚಿದೆ,
ಮುಖವಾಡದೊಳಗೆ, ನನ್ನ ಕಿವಿಗಷ್ಟೇ.
ಅವಳಿರಬೇಕಾದ ಜಾಗದಲ್ಲಿ
ಎದುರು ತಂಡದ ಇಬ್ಬರು ಬರುತ್ತಿದ್ದರು,
ಊಟಕ್ಕೆ ಕರೆದ ನೆಂಟರ ಹಾಗೆ, ಅವಸರವಿಲ್ಲದೆ.

ಮೂರು–ಎರಡು.
ಊರ ಪತ್ರಿಕೆಯಲ್ಲಿ ಮೂರು ಸಾಲು,
ಚಿಲಕದ ಸುದ್ದಿ ಅದರಲ್ಲಿಲ್ಲ.

ಮಾರ್ಚಿನಲ್ಲಿ ಆರ್ವಿಲ್ ತಂಪು ಯಂತ್ರ ನಿಲ್ಲಿಸಿದ.
ಸ್ಕೇಟು ತರಲು ಹೋದರೆ ಬೆಂಚಿನ ಮೇಲೆ ಬ್ರಿನ್,
ಪಕ್ಕದಲ್ಲಿ ಊರುಗೋಲು ಎರಡು.
ಶಸ್ತ್ರಚಿಕಿತ್ಸೆಯಂತೆ, ಮುಂದಿನ ವರ್ಷ ಆಟವಿಲ್ಲವಂತೆ.
"ಆ ಬಾಗಿಲು ಹೇಗೆ ತೆಗೀತಿದ್ದೆ?" ಎಂದಳು.
ತೋರಿಸಿದೆ. ಹಲಗೆಯೆತ್ತಲು ಮೊಣಕಾಲು ಬೇಕು,
ಅವಳ ಮೊಣಕಾಲಿಗೆ ಪಟ್ಟಿ.
"ಇನ್ನೊಂದರಲ್ಲಿ ನೋಡು," ಅಂದೆ.
ಬಯ್ದಳು, ನಕ್ಕಳು, ಮತ್ತೆ ಬಯ್ದಳು.
ಆರನೇ ಸಲಕ್ಕೆ ಬಂತು.
ಬಾಗಿಲಾಚೆ ಸಿಮೆಂಟಿನ ಮೇಲೆ ಬೆರಳುದ್ದ ನೀರು,
ಅದರಲ್ಲಿ ತೇಲುತ್ತಿತ್ತು
ನಡುಗೆರೆಯ ಕೆಂಪು ಬಣ್ಣದ ಒಂದು ಚಕ್ಕೆ.