ಮೂವತ್ತು ಸೆಕೆಂಡು

ಮತ್ತಿಕೆರೆ, ಮೂರನೇ ಮಹಡಿ, ರಾತ್ರಿ ಒಂದೂವರೆ.
ಕರಡು ತಿದ್ದುತ್ತ ಕೂತರೆ ನಾನು ಅಲುಗುವವನಲ್ಲ.
ಅಲುಗದವನು ಇಲ್ಲದವನು, ಅದು ಸೆನ್ಸರಿನ ನ್ಯಾಯ.
ಒತ್ತಕ್ಷರವೊಂದರ ನಡುವೆಯೇ ಟಪ್ಪನೆ ಕತ್ತಲು.
ಹೌದೆಂದು ಲೊಚಗುಟ್ಟುತ್ತದೆ ಹಲ್ಲಿ.

ಇದ್ದೀನಪ್ಪ, ಇದ್ದೀನಿ.
ಕೈ ಬೀಸುತ್ತೇನೆ. ಬೆಳಕು.
ಗಲ್ಲಿಯಾಚೆ, ಕೈಗೆಟುಕುವಂಥ ಕಿಟಕಿಯಲ್ಲಿ
ಬೆಳಗಿನ ಆರ್ಡರಿಗೆ ಚಪಾತಿ ಲಟ್ಟಿಸುವ ಹೆಂಗಸು
ಲಟ್ಟಣಿಗೆ ಎತ್ತಿ ಬೀಸುತ್ತಾಳೆ, ವಾಪಸ್ಸು.
ದಿನಾ ಹೀಗೆ ಏಳೆಂಟು ಸಲ.

ಭಾನುವಾರ ಸ್ಟೂಲು ಹತ್ತಿ, ಮುಚ್ಚಳ ಬಿಚ್ಚಿ
ಮೂವತ್ತು ಸೆಕೆಂಡನ್ನು ಅರ್ಧ ಗಂಟೆಗೆ ತಿರುಗಿಸಿದೆ;
ಹಲ್ಲಿ ಓಡಿದರೆ ಉರಿಯದಿರಲೆಂದು
ಲೆನ್ಸಿನ ಮೇಲಂಚಿಗೆ ಕಪ್ಪು ಟೇಪು.
ಕೆಳಗಿನಿಂದ ಓನರ್ ಮುನಿಚೌಡಪ್ಪ:
"ಗೋಡೆ ಮಾತ್ರ ಕೊರೀಬೇಡಿ ಸಾರ್."

ಆ ರಾತ್ರಿ ಬೆಳಕು ಕದಲಲಿಲ್ಲ.
ಹನ್ನೆರಡು ಪುಟ, ಒಂದೇ ಉಸಿರಿಗೆ.
ತಲೆಯೆತ್ತಿದರೆ, ಅವಳು
ಹಿಟ್ಟಿನ ಕೈಯನ್ನು ಅರ್ಧ ಎತ್ತಿ ನಿಂತಿದ್ದಳು,
ತವಾದ ಮೇಲೆ ಚಪಾತಿ ಸೀಯುತ್ತಿತ್ತು,
ಏನಾಯಿತು ಈ ಮನುಷ್ಯನಿಗೆ ಅನ್ನುವ ಹಾಗೆ.

ಬೀಸಿದೆ, ಸುಮ್ಮನೆ, ಎರಡೂ ಕೈ.

ಆಮೇಲೆ ಮತ್ತೆ ಸ್ಟೂಲು, ಅದೇ ಸ್ಕ್ರೂ.
ಎಷ್ಟಕ್ಕೆ ತಿರುಗಿಸಿದೆನೋ,
ಗುರುತು ನೋಡಲಿಲ್ಲ.