ಮೊದಲ ಪದರ

ಕೌಲ್ ಬಜಾರಿನ ಈ ಮಾಳಿಗೆಗೆ
ಕಿಟಕಿಯಿಂದ ಬರುವ ಧೂಳು ಕೆಂಪು,
ಮೆಟ್ಟಿಲೇರಿ ಬರುವುದು ನೀಲಿ.
ಕೆಳಗೆ ಜೀನ್ಸ್ ಕತ್ತರಿಸುತ್ತಾರೆ.
ಮೇಲೆ ನಾನು,
ಇನ್ನೂ ಹುಟ್ಟದ ನಲವತ್ತು ಸರ್ವರುಗಳಿಗೆ
ಬುದ್ಧಿ ಹೇಳುತ್ತ ಕೂತಿದ್ದೇನೆ.

ನಾಡಿದ್ದು ಹತ್ತು ಗಂಟೆಗೆ ಡಿಪ್ಲೊಮಾ ಫಲಿತಾಂಶ.
ಸಿರುಗುಪ್ಪ, ಕಂಪ್ಲಿ, ಮಾನ್ವಿ, ಎಲ್ಲೆಲ್ಲಿಂದಲೋ ಹುಡುಗರು
ನಂಬರು ಹಿಡಿದು ಒಂದೇ ನಿಮಿಷಕ್ಕೆ ಬಾಗಿಲು ಬಡಿಯುತ್ತಾರೆ.
ನಲವತ್ತೂ ಒಮ್ಮೆಗೇ ಏಳಬೇಕು,
ಎದ್ದ ಮೇಲೆ ಚಪ್ಪಲಿ ಹುಡುಕಬಾರದು.
ಅದಕ್ಕೇ ಇವತ್ತು ಒಂದನ್ನು ಮಾತ್ರ ಎಬ್ಬಿಸಿ
ಎದುರಿಗೆ ಕೂರಿಸಿಕೊಂಡಿದ್ದೇನೆ.
ಇದರ ಪಡಿಯಚ್ಚೇ ಉಳಿದವು.

ಬೇಡದ ಬಾಗಿಲಿಗೆ ಅಗುಳಿ.
ಹಳೆಯ ತೂತಿಗೆ ತೇಪೆ.
ಕನ್ನಡದ ಫಾಂಟು, ಮರೆತರೆ
‘ಉತ್ತೀರ್ಣ’ ಎಂಬ ಪದ ತನ್ನ ಒತ್ತಿಗಾಗಿ
ತಡಕಾಡುತ್ತ ನಿಲ್ಲುತ್ತದೆ ಯಾರದೋ ಮೊಬೈಲಿನಲ್ಲಿ.
ಬೀಗದ ಕೈಯನ್ನು ಮಾತ್ರ ಒಳಗೆ ಇಡುವಂತಿಲ್ಲ.
ಹುಟ್ಟಿದ ಗಳಿಗೆಯಲ್ಲೇ ಒಂದೊಂದರ ಕಿವಿಯಲ್ಲಿ,
ತೊಟ್ಟಿಲಿಗೆ ಬಾಗಿ ಹೆಸರು ಉಸುರುವ ಹಾಗೆ,
ಬೇರೆ ಬೇರೆಯಾಗಿ ಹೇಳಬೇಕು.

ಹನ್ನೆರಡೂವರೆಗೆ ಕರೆಂಟು ಹೋಯಿತು.
ಅದಕ್ಕೆ ಗೊತ್ತೇ ಆಗಲಿಲ್ಲ.
ಅದು ಇರುವುದು ಮುಂಬೈಯ ಯಾವುದೋ ತಣ್ಣನೆ ಕೋಣೆಯಲ್ಲಿ,
ಬೆವರುವ ಕೆಲಸ ನನ್ನದು.
ಇಳಿದು ಹೋದೆ.

ಖಾಜಾವಲಿ ಮಾಸ್ತರ್ ಟಾರ್ಚು ಬಾಯಲ್ಲಿ ಕಚ್ಚಿಕೊಂಡು
ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದರು.
ಮೇಜಿನುದ್ದಕ್ಕೂ ನೂರಿಪ್ಪತ್ತು ಪದರ, ಗೆರೆ ಮೇಲಿನದಕ್ಕಷ್ಟೇ.
ಟಾರ್ಚು ತೆಗೆದು ಹೇಳಿದರು:
“ಕತ್ತರಿಗೆ ಕೆಳಗಿಂದು ಕಾಣಂಗಿಲ್ಲಮ್ಮ.
ಇಲ್ಲಿ ಬೆರಳಷ್ಟು ತಪ್ಪಿದ್ರ
ನೂರಿಪ್ಪತ್ ಮಂದಿಗೆ ಎಡಗಾಲು ಗಿಡ್ಡ.”
ಹಾಗೆ ಆದದ್ದುಂಟು. ಆ ಸಲದ ಒಂದು ಪ್ಯಾಂಟು
ಇನ್ನೂ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ,
ಯಾರನ್ನೂ ಬೈಯದೆ.

“ಟೈಮ್ ಎಷ್ಟಾತು?”
ಒಂದು ಹತ್ತು ಎಂದೆ.
ಎಂದವಳು ಅಲ್ಲೇ ನಿಂತೆ.
ಕರೆಂಟು ಹೋಗುವಾಗ ನಾನು ಕಂಡ ಕೊನೆಯ ಸಾಲಿನಲ್ಲಿ
ಸಂಜೆ ಏಳು ಎಂದಿತ್ತು. ನಿನ್ನೆಯ ಸಂಜೆ.
ಅದು ಬೇರೆ ಯಾವುದೋ ದೇಶದ ಗಡಿಯಾರ ಕಟ್ಟಿಕೊಂಡು
ನನ್ನೆದುರಿಗೇ ಇಡೀ ರಾತ್ರಿ ಕೂತಿತ್ತು.
ಐದೂವರೆ ತಾಸು.
ನಾಡಿದ್ದು ಹತ್ತಕ್ಕೆ ನಲವತ್ತೂ ಒಟ್ಟಿಗೆ,
ಒಂದಕ್ಕೊಂದು ಸಾಕ್ಷಿಯಾಗಿ,
ಇನ್ನೂ ನಾಲ್ಕೂವರೆ, ಮಲಗಿ ಎನ್ನುತ್ತಿದ್ದವು
ಬೆಳಗಿನಿಂದ ಅನ್ನ ಮುಟ್ಟದ ಹುಡುಗರಿಗೆ.

ತಿದ್ದಬಹುದಿತ್ತು. ತಿದ್ದಲಿಲ್ಲ.
ಕರೆಂಟು ಬಂದೊಡನೆ ಅದನ್ನು ಅಳಿಸಿ
ಮೊದಲಿನಿಂದ ಕಟ್ಟಿದೆ,
ಗಡಿಯಾರದಿಂದಲೇ ಶುರು.

ಕಡೆಗೆ, ಮಾಸ್ತರ್ ಚಾಕು ಗೆರೆ ಝಾಡಿಸುವಂತೆ,
ನನ್ನ ಗುರುತು ತೆಗೆಯಬೇಕು: ನನ್ನ ಕೀಲಿ,
ನಾನು ಒತ್ತಿದ ಸಾಲುಗಳು, ತಪ್ಪುಗಳು, ಹೆಸರು.
ತೆಗೆದೆ. ಒಂದು ಉಳಿಯಿತು.
ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಪಂಪಾಪತಿ ಸರ್
(ಈಗ ಸಂಡೂರಿನಲ್ಲಿ ಲಾರಿಗಳ ಲೆಕ್ಕ ಬರೆಯುತ್ತಾರೆ)
ಒಳಗೆ ಕಾಲಿಟ್ಟವರಿಗೆ ಕಾಣುವಂತೆ ಬರೆದಿಟ್ಟ
ಎರಡೇ ಪದ:
ಊಟ ಆತಾ?

ನಿಯಮಕ್ಕೆ ಅದೂ ಕಸ.
ಬೆರಳು ಅಲ್ಲಿಗೇ ಹೋಗಿತ್ತು.
ಆದರೆ ನಲವತ್ತರಲ್ಲಿ ಒಂದು ಎಂದಾದರೂ ಕಾಯಿಲೆ ಬಿದ್ದರೆ,
ಸರಿರಾತ್ರಿ ಯಾರೋ ಒಬ್ಬರು ಒಳಹೊಕ್ಕರೆ,
ಯಂತ್ರ ತನ್ನ ನೋವು ಹೇಳುವ ಮೊದಲು
ಇದನ್ನು ಕೇಳಲಿ.

ಅಚ್ಚು ಮುಚ್ಚಿದೆ. ನಾಲ್ಕು ಹತ್ತು, ನಮ್ಮೂರಿನ ನಾಲ್ಕು ಹತ್ತು.
ಒಂದನ್ನು ಪರೀಕ್ಷೆಗೆಂದು ಎಬ್ಬಿಸಿದರೆ
ಮೊದಲ ಮಾತೇ ಅದು.
ಇಲ್ಲ, ಇನ್ನೂ ಆಗಿಲ್ಲ ಎಂದೆ ಪರದೆಗೆ.
ಕೆಳಗೆ ಕತ್ತರಿ ಹೊರಟಿತು,
ನೆಲ ಸಣ್ಣಗೆ ಅದುರತೊಡಗಿತು.