ಮೀನಖಂಡ

ಮೊದಲ ವಾರವೇ ಶಾಂತವೀರಪ್ಪ ಮೇಷ್ಟ್ರು
ಬೋರ್ಡಿನ ಮೇಲೊಂದು ಕಾಲು ಬರೆದರು.
ಬರೀ ಕಾಲು. ಊರಿಲ್ಲ, ಹೆಸರಿಲ್ಲ, ಚಪ್ಪಲಿಯಿಲ್ಲ.
ಗ್ಯಾಸ್ಟ್ರಾಕ್ನೀಮಿಯಸ್, ಎಂದರು.
ನಮ್ಮ ನಾಲಿಗೆ ಮೂರು ಸಲ ಎಡವಿದ ಮೇಲೆ
ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ
'ಮನೇಲಿ ಏನಂತೀರಿ ಇದಕ್ಕೆ?'
ಪಿಂಡ್ಲಿ, ಎಂದಳು ನಫೀಸಾ.
ಮೀನಖಂಡ, ಎಂದೆ ನಾನು.
ಎಂದಮೇಲೆ ಕೇಳಿಸಿತು ನನಗೇ:
ಇಪ್ಪತ್ತೊಂದು ವರ್ಷ ಎರಡು ಮೀನು ಹೊತ್ತು ಓಡಿದ್ದೇನೆ,
ಒಂದು ಹನಿ ನೀರು ಕೊಟ್ಟಿಲ್ಲ.

ಹಾಸನದಲ್ಲಿ ಏನು ಓದ್ತೀಯ? ಹೊಳೆನರಸೀಪುರದ ಬಸ್ಸಲ್ಲಿ ಕಂಡಕ್ಟರು.
ವ್ಯಾಯಾಮ ವಿಜ್ಞಾನ.
'ಪೀಟಿ ಮೇಡಮ್ಮಾ? ಸೀಟಿ ಊದಕ್ಕೂ ಡಿಗ್ರಿ ಬಂತಾ?'
ಎಂದು ತಾನೇ ಊದಿದ, ರೈಟ್ ಎಂದ, ಬಸ್ಸು ಹೊರಟಿತು.

ಲ್ಯಾಬಿನ ಟ್ರೆಡ್‌ಮಿಲ್ಲಿಗೆ ಹೂವಿನ ಬೆಡ್‌ಶೀಟು ಹೊದಿಸಿದೆ.
ಉದ್ಘಾಟನೆಯ ದಿನ ಅತಿಥಿಗಳು ನಾಲ್ಕು ಹೆಜ್ಜೆ ನಡೆದದ್ದೇ ಕೊನೆ.
ಬೆಲ್ಟು ಮೈಸೂರಿಂದ ಬರಬೇಕು.
ಬರುವ ತನಕ ಮರದ ಮೆಟ್ಟಿಲಿದೆ,
ಸಾಲಗಾಮೆ ರಸ್ತೆಯ ಬಡಗಿ ಮಾಡಿಕೊಟ್ಟದ್ದು,
ಒಂದು ಕಾಲು ಗಿಡ್ಡ, ಅಡಿಗೆ ರಟ್ಟು.

ಪುಸ್ತಕದಲ್ಲಿ ವಿಓಟು ಮ್ಯಾಕ್ಸ್:
ಮೈ ಎಳೆದುಕೊಳ್ಳಬಲ್ಲ ಆಮ್ಲಜನಕದ ಗರಿಷ್ಠ ಲೆಕ್ಕ.
ನಮ್ಮ ಕಡೆ ಅದು ದಮ್ಮು.
ಕಬಡ್ಡಿಯಲ್ಲಿ ಗೆರೆ ಮುಟ್ಟಿ ಬಂದರೆ ದಮ್ಮಿದೆ ಎಂದರು,
ಸಿಕ್ಕಿಬಿದ್ದರೆ ದಮ್ಮಿಲ್ಲ ಎಂದರು.
ಚಿಕ್ಕತ್ತೆ ರಾತ್ರಿಯೆಲ್ಲ ದಿಂಬಿಗೊರಗಿ
ಕೂತೇ ಬೆಳಗು ಮಾಡಿದಾಗ
ಅವಳಿಗೆ ದಮ್ಮು ಎಂದರು.
ಉಸಿರಿದ್ದುದಕ್ಕೂ ಉಸಿರಿಲ್ಲದ್ದಕ್ಕೂ
ಒಂದೇ ಪದ ಇಟ್ಟುಕೊಂಡವರನ್ನು
ಯಾವ ಘಟಕದಲ್ಲಿ ಅಳೆಯಲಿ?
(ಪರೀಕ್ಷೆಯಲ್ಲಿ ಇದನ್ನು ಬರೆಯಲಿಲ್ಲ. ಐದು ಮಾರ್ಕಿನ ಪ್ರಶ್ನೆ.)

ಪ್ರಬಂಧಕ್ಕೆ ಮೂವತ್ತು ಮಂದಿ ಬೇಕಿತ್ತು.
ಇಪ್ಪತ್ತೊಂಬತ್ತು ಗಂಡುಮಕ್ಕಳ ಹಾಸ್ಟೆಲಿನಿಂದ,
ಬಾಳೆಹಣ್ಣು, ಗ್ಲುಕೋಸು ಬಿಸ್ಕತ್ತಿನ ಆಸೆಗೆ.
ಮೂವತ್ತನೆಯವನು ದ್ಯಾವಯ್ಯ, ಮಾರ್ಕೆಟ್ ಯಾರ್ಡಿನ ಹಮಾಲಿ,
ವಯಸ್ಸು ಐವತ್ತೋ ಐವತ್ತೈದೋ,
ಅರ್ಧ ದಿನದ ಕೂಲಿ ಮೊದಲೇ ಮಾತಾಡಿಕೊಂಡು ಬಂದ.
ಅರ್ಜಿಯ ನಾಲ್ಕನೇ ಕಾಲಂ:
ನಿಯಮಿತವಾಗಿ ವ್ಯಾಯಾಮ ಮಾಡುತ್ತೀರಾ?
'ಎಲ್ಲಿ ಪುರುಸೊತ್ತು, ತಾಯಿ.'
ಇಲ್ಲ, ಎಂದು ಬರೆದುಕೊಂಡೆ.

ಮೂರು ನಿಮಿಷ. ಮೊಬೈಲು ಟಿಕ್ ಎಂದಾಗ ಹತ್ತಬೇಕು,
ಟಿಕ್ ಎಂದಾಗ ಇಳಿಯಬೇಕು.
ಹತ್ತಿದ, ಇಳಿದ, ಹತ್ತಿದ.
ನಡುವೆ ಚಾವಣಿ ನೋಡಿ ಕೇಳಿದ:
'ಹತ್ತಿ ಹತ್ತಿ ಎಲ್ಲಿಗೆ ಹೋಗೋದಿದು? ಮೇಲೇನೂ ಇಲ್ವಲ್ಲ.'
ನಫೀಸಾ ನಕ್ಕಳು. ನನಗೆ ನಗು ಬರಲಿಲ್ಲ.
ಹೋದ ವರ್ಷ ದಾವಣಗೆರೆಯಲ್ಲಿ ನಾನ್ನೂರು ಮೀಟರಿನ ಕೊನೇ ತಿರುವಿಗೆ
ನನ್ನ ಎಡಗಾಲಿನ ಮೀನು ತಿರುಚಿಕೊಂಡು ಬಿದ್ದಾಗ
ಟ್ರ್ಯಾಕಿನ ಮೇಲೆ ಮಲಗಿ ನಾನೂ
ಇದನ್ನೇ ಕೇಳಿದ್ದೆ, ಬೇರೆ ಮಾತಲ್ಲಿ.

ಮಣಿಕಟ್ಟಿಗೆ ಮೂರು ಬೆರಳಿಟ್ಟು ಎಣಿಸಿದೆ.
ಹದಿನೈದು ಸೆಕೆಂಡಿಗೆ ಇಪ್ಪತ್ತೇಳು.
ಹಾಸ್ಟೆಲಿನ ಹುಡುಗರದ್ದು ನಲವತ್ತರ ಮೇಲೆ.
ಮೇಷ್ಟ್ರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದರು:
ಅಸಂಭವ. ಮತ್ತೆ ಎಣಿಸು.

ಮತ್ತೆ ಎಣಿಸಲು ನಾನೇ ಯಾರ್ಡಿಗೆ ಹೋದೆ.
ಮೇ ತಿಂಗಳು, ಬಿತ್ತನೆ ಆಲೂಗಡ್ಡೆ ಬಂದಿಳಿಯುವ ಕಾಲ.
ಪಂಜಾಬಿನ ಲಾರಿ, ಅದಕ್ಕೆ ಚಾಚಿದ ಹಲಗೆ,
ಹತ್ತುವಾಗ ಬರಿಗೈ, ಇಳಿಯುವಾಗ ಬೆನ್ನಿಗೆ ಐವತ್ತು ಕೆಜಿ.
ಟಿಕ್ ಎನ್ನುವವರು ಯಾರೂ ಇಲ್ಲ.
ಮಡಿಚಿ ಕಟ್ಟಿದ ಲುಂಗಿಯ ಕೆಳಗೆ
ಧೂಳು ಮೆತ್ತಿದ ಎರಡು ಮೀನು
ಹಲಗೆಯುದ್ದಕ್ಕೂ ಎದುರು ಈಜುತ್ತಿದ್ದವು,
ಹೊಳೆ ಇತ್ತೋ ಇಲ್ಲವೋ ಅವಕ್ಕೆ ಚಿಂತೆಯಿಲ್ಲ.
'ಕೈ ಕೊಡಲಾ?' ಎಂದ ದ್ಯಾವಯ್ಯ, ಮೂಟೆ ಇಳಿಸಿ.
ಕೊಡು ಎಂದೆ.
ಎಣಿಕೆ ಹನ್ನೊಂದಕ್ಕೆ ಬಂದಾಗ ಮೇಸ್ತ್ರಿ ಕೂಗಿದ,
ಕೈ ಬಿಡಿಸಿಕೊಂಡು ಹೋದ.
ಲಾರಿಯಲ್ಲಿ ಇನ್ನೂ ಅರ್ಧ ಲೋಡಿತ್ತು.
ಖಾಲಿ ಚೀಲದ ಮೇಲೆ ಕೂತು ಎಡಗಾಲು ನೀವಿಕೊಂಡೆ.